ಅತಿ ನಿಧಾನದ ಹಡಗು ಬೇಕಾಗಿದೆ

ಪ್ರವಾಸ ಹೋಗಿ ಸುಖಪಡುವವರಿದ್ದಾರೆ, ಹೋಗಿ ಬಂದ ಮೇಲೆ ಊರಿಗೆಲ್ಲ ಹೇಳಿಕೊಂಡು ಸುಖಪಡುವವರೂ ಇದ್ದಾರೆ. ನಾನು ಹೊರಡುವ ಮೊದಲೇ ಸುಖಪಟ್ಟು ಮುಗಿಸುವ ಪೈಕಿ. ಸೌದಿಯ ಅಲ್ ಖೋಬರ್‌ನಿಂದ ಸೇತುವೆ ದಾಟಿ ಬಹರೈನಿಗೆ ಹೋಗಿ ಸಂಜೆಯೊಳಗೆ ಮನೆ ಸೇರುವ ಪ್ರಯಾಣಕ್ಕೂ ಮೂರು ಪುಟದ ಯೋಜನೆ ಮಾಡಿದವನು ನಾನು. ಎಷ್ಟು ಗಂಟೆಗೆ ಪೆಟ್ರೋಲ್, ಎಲ್ಲಿ ನಮಾಜು, ಯಾವ ಅಂಗಡಿಯಲ್ಲಿ ಚಹಾ, ಆ ಅಂಗಡಿ ಮುಚ್ಚಿದ್ದರೆ ಮತ್ತೆ ಯಾವುದು ಎಂದೆಲ್ಲ ಅದರಲ್ಲಿತ್ತು. ನನ್ನ ಹೆಂಡತಿ ಸಫಿಯಾ ಅದನ್ನು ಓದಿ, "ಹಜ್ಜಿಗೆ ಹೋಗುವವರು ಸಹ ಇಷ್ಟು ತಯಾರಿ ಮಾಡುವುದಿಲ್ಲ ಮಾರಾಯ್ರೆ" ಎಂದಿದ್ದಳು. ಅವಳು ಹೇಳಿದ್ದು ಬ್ಯಾರಿ ಭಾಷೆಯಲ್ಲಿ. ನಮ್ಮ ಮನೆಮಾತು ಅದು. ಕನ್ನಡಕ್ಕೆ ತರುವಾಗ ಅವಳ ಖಾರ ಸ್ವಲ್ಪ ಕಡಿಮೆಯಾಗಿದೆ, ಓದುವವರು ಅಷ್ಟನ್ನು ಸೇರಿಸಿಕೊಳ್ಳಬೇಕು.

ತಪ್ಪು ಪೂರ್ತಿ ನನ್ನದಲ್ಲ, ನನ್ನ ಕೆಲಸದ್ದೂ ಹೌದು. ಹತ್ತೊಂಬತ್ತು ವರ್ಷಗಳಿಂದ ನಾನು ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಊರಿನಲ್ಲಿ ಯಾರಾದರೂ ಕೇಳಿದರೆ ವಿವರಿಸುವುದು ಕಷ್ಟ. ಎಂಜಿನಿಯರುಗಳು ನಕ್ಷೆ ಬರೆಯುತ್ತಾರೆ, ನಾನು ಅದಕ್ಕೆ ನಂಬರು ಕೊಟ್ಟು, ಮೇಲೊಂದು ಕಾಗದ ಹಚ್ಚಿ, ಕನ್ಸಲ್ಟೆಂಟ್ ಕಚೇರಿಗೆ ಕಳಿಸುತ್ತೇನೆ. ಅವರು ತಪ್ಪು ಹುಡುಕಿ ವಾಪಸ್ ಕಳಿಸುತ್ತಾರೆ. ಪ್ರತಿ ತಪ್ಪಿಗೂ ಲಿಖಿತ ಉತ್ತರ ಕೊಡಬೇಕು. ತಿದ್ದಿದ ನಕ್ಷೆಗೆ ಹೊಸ ರಿವಿಷನ್ ನಂಬರು. ಸೊನ್ನೆ, ಒಂದು, ಎರಡು ಎಂದು ಅದು ಏರುತ್ತಾ ಹೋಗುತ್ತದೆ, ನನ್ನ ತಲೆಗೂದಲು ಇಳಿಯುತ್ತಾ ಹೋಗುತ್ತದೆ. ಇಷ್ಟು ವರ್ಷದಲ್ಲಿ ಒಂದು ಇಟ್ಟಿಗೆಯನ್ನೂ ನಾನು ಮುಟ್ಟಿಲ್ಲ, ಆದರೆ ಖೋಬರಿನ ಅರ್ಧ ಡಜನ್ ಕಟ್ಟಡಗಳು ನನ್ನ ನಂಬರಿಲ್ಲದೆ ಎದ್ದು ನಿಲ್ಲುತ್ತಿರಲಿಲ್ಲ ಎಂದು ನಂಬಿಕೊಂಡು ಬದುಕಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ಆ ವರ್ಷ ನಮ್ಮ ಮಗಳು ಶಾನುವಿನ ಹನ್ನೆರಡನೇ ತರಗತಿ ಮುಗಿಯುವುದಿತ್ತು. ಇಂಡಿಯನ್ ಸ್ಕೂಲು ಅಲ್ಲಿಗೆ ಕೊನೆ. ಮುಂದೆ ಓದಬೇಕಾದರೆ ಊರಿಗೇ ಹೋಗಬೇಕು. ಮಂಗಳೂರಿನಲ್ಲಿ ಕಾಲೇಜು, ಹತ್ತಿರದಲ್ಲೊಂದು ಫ್ಲಾಟು, ಜತೆಗೆ ಸಫಿಯಾ, ಇಲ್ಲಿ ಖೋಬರ್‌ನಲ್ಲಿ ನಾನೊಬ್ಬ. ಇದು ಅವಳು ಹುಟ್ಟಿದಂದಿನಿಂದ ಗೊತ್ತಿದ್ದ ಲೆಕ್ಕ. ನಮ್ಮ ಕಟ್ಟಡದಲ್ಲಿ ಆ ವರ್ಷ ಎಷ್ಟೋ ಮನೆಗಳು ಹೀಗೇ ಖಾಲಿಯಾದವು. ಲಿಫ್ಟಿನ ಪಕ್ಕದ ಗೋಡೆಯಲ್ಲಿ ಸೋಫಾ ಮಾರಾಟಕ್ಕಿದೆ, ವಾಷಿಂಗ್ ಮೆಷಿನ್ ಮಾರಾಟಕ್ಕಿದೆ ಎಂಬ ಚೀಟಿಗಳು. ಸಂಸಾರ ಕಳಿಸಿದ ಗಂಡಸರು ನಾಲ್ಕು ಮಂದಿ ಸೇರಿ ಒಂದು ಕೋಣೆ ಹಿಡಿದು ಮತ್ತೆ ಬ್ಯಾಚುಲರ್‌ಗಳಾಗುತ್ತಿದ್ದರು. ಐವತ್ತರ ಪ್ರಾಯದಲ್ಲಿ ಅನ್ನಕ್ಕೆ ನೀರೆಷ್ಟು ಇಡಬೇಕೆಂದು ಒಬ್ಬರನ್ನೊಬ್ಬರು ಕೇಳುವುದನ್ನು ನೋಡಿ ನಾನು ನಗುತ್ತಿದ್ದೆ. ಆಮೇಲೆ ನಗು ನಿಂತಿತು.

ಕಳಿಸುವ ಮೊದಲು ಮೂವರೂ ಒಂದು ಕಡೆ ಹೋಗಿ ಬರೋಣ ಎಂದು ಹೇಳಿದ್ದು ನಾನೇ. "ಹೋಗಿ ಬರೋಣ" ಎಂದು ಬಾಯಿತಪ್ಪಿ ಹೇಳಿದೆ. ಹೋಗುವುದು ಮೂವರು, ಬರುವುದು ಒಬ್ಬ. ಎಲ್ಲಿಗೆ ಎಂಬುದನ್ನು ನಿರ್ಧರಿಸಿದವನು ನಮ್ಮ ಆಫೀಸಿನ ಗ್ರೀಕ್ ಎಂಜಿನಿಯರ್ ನಿಕೋಸ್. ಅವನ ಊರು ಅಮೋರ್ಗೋಸ್ ಎಂಬ ದ್ವೀಪ. ಅಲ್ಲಿಗೆ ವಿಮಾನವಿಲ್ಲ, ಹಡಗೇ ಗತಿ. "ನನ್ನ ಚಿಕ್ಕಮ್ಮನ ಮನೆಯಲ್ಲಿ ಕೋಣೆ ಇದೆ, ಮೀನು ಇದೆ, ಬೇರೇನು ಬೇಕು?" ಎಂದು ನಿಕೋಸ್ ಕೇಳಿದ. ಮೀನು ಎಂದ ಮೇಲೆ ಸಫಿಯಾಳದ್ದು ಮರುಮಾತಿರಲಿಲ್ಲ. ಶಾನು ಮಾತ್ರ ಇಂಟರ್ನೆಟ್‌ನಲ್ಲಿ ಬಿಳಿ ಮನೆಗಳ ಫೋಟೋ ನೋಡಿ ಒಪ್ಪಿದಳು. ಏಪ್ರಿಲ್ ತಿಂಗಳಲ್ಲಿ ದ್ವೀಪದಲ್ಲಿ ಐದು ದಿನ ಇದ್ದು, ಹಡಗಿನಲ್ಲಿ ಅಥೆನ್ಸಿನ ಬಂದರಿಗೆ ಬಂದು, ಅದೇ ಸಂಜೆ ವಿಮಾನ ನಿಲ್ದಾಣದಲ್ಲಿ ಅವರಿಬ್ಬರು ಮಂಗಳೂರಿನ ದಾರಿ, ನಾನು ಖೋಬರಿನ ಪಕ್ಕದ ದಮ್ಮಾಮಿನ ದಾರಿ ಹಿಡಿಯುವುದು ಎಂದು ತೀರ್ಮಾನವಾಯಿತು. ನಾನು ಹೊಸ ಫೈಲು ತೆರೆದು ರಿವಿಷನ್ ಸೊನ್ನೆ ಎಂದು ಬರೆದೆ.

ದ್ವೀಪಕ್ಕೆ ಹೋಗುವ ಹಡಗನ್ನು ಅರ್ಧ ಗಂಟೆಯಲ್ಲಿ ಬುಕ್ ಮಾಡಿದೆ. ದ್ವೀಪದಿಂದ ಹೊರಡುವ ಹಡಗಿಗೆ ಐದು ವಾರ ಹಿಡಿಯಿತು. ಅಲ್ಲಿಂದ ವೇಗದ ಹಡಗೊಂದಿದೆ, ಐದಾರು ಗಂಟೆಯಲ್ಲಿ ದಡ ಮುಟ್ಟಿಸುತ್ತದೆ. ಅದನ್ನೇ ಹಾಕಿದ್ದೆ. ರಾತ್ರಿ ಊಟವಾದ ಮೇಲೆ ಮತ್ತೆ ಫೈಲು ತೆರೆದು ಅದನ್ನು ತೆಗೆದು ಏಳು ಗಂಟೆ ಹಿಡಿಯುವ ಹಡಗು ಹಾಕಿದೆ. ವಾರದ ನಂತರ ಇನ್ನೊಂದು ಕಣ್ಣಿಗೆ ಬಿತ್ತು. ಬೆಳಿಗ್ಗೆ ಆರಕ್ಕೆ ಹೊರಟು, ದಾರಿಯಲ್ಲಿ ಸಿಕ್ಕ ಸಣ್ಣ ಪುಟ್ಟ ದ್ವೀಪಗಳಿಗೆಲ್ಲ ನಿಂತು, ಟೊಮೆಟೊ ಪೆಟ್ಟಿಗೆ ಇಳಿಸಿ, ಮೇಕೆ ಹತ್ತಿಸಿಕೊಂಡು, ಒಂಬತ್ತು ಗಂಟೆ ತೆಗೆದುಕೊಳ್ಳುವ ಮುದಿ ಹಡಗು. ನಮ್ಮ ಕಡೆಯ ಸರ್ವಿಸ್ ಬಸ್ಸಿನ ಹಾಗೆ, ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವಂಥದ್ದು. ನೋಡಿದ ಕೂಡಲೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಶಾನು ನನ್ನ ಭುಜದ ಮೇಲಿಂದ ಇಣುಕಿ, "ಪಪ್ಪಾ, ನೈನ್ ಅವರ್ಸ್? ಸೀರಿಯಸ್ಲಿ?" ಎಂದಳು. ಸಫಿಯಾ ಅಡುಗೆಮನೆಯಿಂದಲೇ, "ನಿಮ್ಮ ಪಿಟ್ಟಾಸಿ ಬುದ್ಧಿ ಸಮುದ್ರದಲ್ಲಿ ಸಹ ಬಿಡುವುದಿಲ್ಲ ಅಲ್ವಾ? ಎಲ್ಲಿ ಕಡಿಮೆಗೆ ಸಿಕ್ತದೆ, ಅದೇ ಹತ್ತುವುದು" ಎಂದಳು. ನಾನು ಜಿಪುಣನೆಂಬ ಹೆಸರನ್ನೇ ಇಟ್ಟುಕೊಂಡೆ. ನಿಜವಾದ ಕಾರಣಕ್ಕಿಂತ ಅದನ್ನು ಹೊರುವುದು ಸುಲಭವಾಗಿತ್ತು.

ಆ ನಿಜವಾದ ಕಾರಣವನ್ನು ನನ್ನಿಂದ ಹೊರಡಿಸಿದ್ದು ಕನ್ಸಲ್ಟೆಂಟ್ ಕಚೇರಿ. ಆಫೀಸಿನಲ್ಲಿ ಬಿಡುವಾದಾಗ ನಾನು ಈ ಯೋಜನೆಯನ್ನೂ ತಿದ್ದುತ್ತಿದ್ದೆ. ಅಭ್ಯಾಸಬಲದಿಂದ ಅದಕ್ಕೂ ಕಂಪನಿಯದೇ ನಮೂನೆ, ನಂಬರು, ಎಡಗಡೆ ಲೋಗೋ. ಒಂದು ಗುರುವಾರ ನೀರಿನ ಪೈಪುಗಳ ಹದಿನಾರು ನಕ್ಷೆಗಳನ್ನು ಅವಸರದಲ್ಲಿ ಕಳಿಸುವಾಗ, ಅವುಗಳ ನಡುವೆ ನಮ್ಮ ಗ್ರೀಸ್ ಪ್ರವಾಸದ ರಿವಿಷನ್ ಒಂಬತ್ತು ಸೇರಿ ಹೋಯಿತು. ನನಗೆ ತಿಳಿಯಲೇ ಇಲ್ಲ. ಹತ್ತು ದಿನದ ಮೇಲೆ ನಕ್ಷೆಗಳು ವಾಪಸ್ ಬಂದವು. ಅವುಗಳ ಜತೆಗೆ ನನ್ನ ಪ್ರವಾಸವೂ ಬಂತು, 'ಷರತ್ತುಗಳೊಂದಿಗೆ ಒಪ್ಪಿಗೆ' ಎಂಬ ಮೊಹರಿನೊಂದಿಗೆ. ಅಲ್ಲಿ ತಪಾಸಣೆ ಮಾಡುತ್ತಿದ್ದವರು ಒಬ್ಬ ಈಜಿಪ್ಟಿನ ಹಿರಿಯ ಎಂಜಿನಿಯರು. ಮೇಜಿಗೆ ಬಂದ ಯಾವ ಕಾಗದವನ್ನೂ ಕೆಂಪು ಶಾಯಿ ಬೀಳದೆ ಬಿಟ್ಟವರಲ್ಲ. ನಮ್ಮ ಪ್ರವಾಸವನ್ನು ಅವರು ಪೂರ್ತಿ ಓದಿದ್ದರು. ಮೂರನೇ ದಿನ ಮಧ್ಯಾಹ್ನದ ಊಟ ನಮೂದಾಗಿಲ್ಲ ಎಂದು ಹಿಡಿದಿದ್ದರು. ಅದು ನಿಜವೇ, ಬಿಟ್ಟುಹೋಗಿತ್ತು. ಕೊನೆಯ ಟಿಪ್ಪಣಿ ಹೀಗಿತ್ತು: 'ಇದೇ ಮಾರ್ಗದಲ್ಲಿ ವೇಗದ ಹಡಗು ಲಭ್ಯವಿದೆ. ನಿಧಾನದ ಹಡಗಿನ ಆಯ್ಕೆಗೆ ಕಾರಣ ಕೊಡಿ.'

ಆಫೀಸಿನಲ್ಲಿ ಎರಡು ದಿನ ನನ್ನದೇ ತಮಾಷೆ. ನಾನೂ ನಕ್ಕೆ. ಆದರೆ ನಿಯಮವೆಂದರೆ ನಿಯಮ, ಟಿಪ್ಪಣಿಗೆ ಉತ್ತರ ಹೋಗದೆ ಆ ಹದಿನಾರು ನಕ್ಷೆಗಳ ಕಂತೆ ಮುಚ್ಚುವಂತಿಲ್ಲ. ಉತ್ತರದ ಖಾನೆಯ ಎದುರು ಕೂತೆ. ಹತ್ತೊಂಬತ್ತು ವರ್ಷ ಕಬ್ಬಿಣ, ಸಿಮೆಂಟು, ಪೈಪು ಎಲ್ಲದರ ಪರವಾಗಿ ಉತ್ತರ ಬರೆಸಿ ಕಳಿಸಿದವನಿಗೆ ಹೊಳೆದದ್ದು ಒಂದೇ ಸಾಲು. 'ಹಡಗು ದಡ ಮುಟ್ಟಿದ ಮೇಲೆ ನಾವು ಒಟ್ಟಿಗೆ ಇರುವುದಿಲ್ಲ' ಎಂದು ಟೈಪ್ ಮಾಡಿದೆ. ಅದನ್ನು ಎರಡು ಸಲ ಓದಿದೆ. ಐವತ್ತೆರಡು ವರ್ಷದ ಗಂಡಸು, ಎದುರಿಗೆ ನೀರಿನ ಪೈಪಿನ ನಕ್ಷೆ ಹಿಡಿದು ಕಣ್ಣೊರೆಸಿಕೊಳ್ಳುವುದನ್ನು ಯಾರಾದರೂ ನೋಡಿದರೆ ಪೈಪು ಸೋರುತ್ತಿದೆಯೆಂದು ಸೈಟಿಗೆ ಫೋನು ಹೋದೀತು. ಆ ಸಾಲನ್ನು ಅಳಿಸಿ 'ಗಮನಿಸಲಾಗಿದೆ' ಎಂದು ಬರೆದು ಕಳಿಸಿದೆ. ನಮ್ಮ ಕಸುಬಿನಲ್ಲಿ ಏನೂ ಹೇಳಲಾಗದವರೆಲ್ಲ ಬರೆಯುವುದು ಅದನ್ನೇ.

ಸಂಜೆ ಮನೆಯಲ್ಲಿ ಈ ಕತೆಯನ್ನು ತಮಾಷೆಯಾಗಿಯೇ ಹೇಳಿದೆ, ಅಳಿಸಿದ ಸಾಲೊಂದನ್ನು ಬಿಟ್ಟು. ಶಾನು ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಫಿಯಾ ನಗಲಿಲ್ಲ. ಬಟ್ಟೆ ಮಡಚುತ್ತಿದ್ದವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗಳು ಎದ್ದು ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಕೇಳಿದಳು: "ಅದಕ್ಕಿಂತ ನಿಧಾನದ್ದು ಇಲ್ವಾ?"

"ಇಲ್ಲ. ಎಲ್ಲ ಹುಡುಕಿದೆ."

"ಇನ್ನೊಮ್ಮೆ ನೋಡಿ. ನಿಮಗೆ ಹುಡುಕ್ಲಿಕ್ಕೆ ಗೊತ್ತುಂಟಲ್ಲ" ಎಂದಳು. ಅಂದಿನಿಂದ ನಾವಿಬ್ಬರೂ ಸೇರಿ ಹುಡುಕಿದೆವು. ಒಂಬತ್ತಕ್ಕಿಂತ ಹೆಚ್ಚು ಗಂಟೆ ತೆಗೆದುಕೊಳ್ಳುವ ಹಡಗು ಆ ಸಮುದ್ರದಲ್ಲಿ ನಮಗೆ ಸಿಗಲಿಲ್ಲ. ರಿವಿಷನ್ ಹದಿನಾಲ್ಕಕ್ಕೆ ಅದನ್ನೇ ಖಾಯಂ ಮಾಡಿದೆ.

ವೀಸಾದ ಗೋಳು ಬೇರೆ. ಸೌದಿಯಿಂದ ಗ್ರೀಸಿಗೆ ಹೋಗುವವರು ಸೌದಿಗೇ ವಾಪಸ್ ಬರುವವರು ಎಂದು ಕಾಗದ ತೋರಿಸಬೇಕು. ಹಾಗಾಗಿ ತಾಯಿ ಮಗಳಿಗೆ ಸೌದಿ ಬಿಟ್ಟೇ ಹೋಗುವ ಫೈನಲ್ ಎಕ್ಸಿಟ್ ಮಾಡಿಸದೆ ಮೂವರಿಗೂ ಹೋಗಿ ಬರುವ ವೀಸಾವನ್ನೇ ಮಾಡಿಸಿದೆ. ಮೂವರಿಗೂ ದಮ್ಮಾಮಿನ ವಾಪಸ್ ಟಿಕೇಟು ಕಾದಿರಿಸಿದೆ. ಪಾಸ್‌ಪೋರ್ಟುಗಳು ಕೈಗೆ ಬಂದ ದಿನ ಸಫಿಯಾ ಆ ಟಿಕೇಟಿನ ಕಾಗದ ಹಿಡಿದುಕೊಂಡು, "ಕಾಗದದಲ್ಲಾದ್ರೂ ನಾವು ವಾಪಸ್ ಬರ್ತೇವೆ" ಎಂದಳು. ಮರುದಿನ ಟ್ರಾವೆಲ್ ಏಜೆನ್ಸಿಗೆ ಹೋಗಿ ಮೂರು ಹೆಸರಿನಲ್ಲಿ ಎರಡನ್ನು ತೆಗೆಸಿ ಮಂಗಳೂರಿಗೆ ಹಾಕಿಸಬೇಕಿತ್ತು. ಎರಡು ನಿಮಿಷದ ಕೆಲಸ. ಅಂಗಡಿಯೆದುರು ಕಾರು ನಿಲ್ಲಿಸಿ, ಪಾರ್ಕಿಂಗ್ ಸರಿಯಿಲ್ಲವೆಂದು ನೆಪ ಹೇಳಿಕೊಂಡು ಮೂರು ಸಲ ಸುತ್ತು ಹಾಕಿದ ಮೇಲೆಯೇ ಒಳಗೆ ಹೋಗಿ ಹಾಕಿಸಿ ಬಂದೆ.

ದ್ವೀಪದ ಐದು ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲ ಯೋಜನೆಯಂತೆ ನಡೆಯಿತು, ಹಾಗಾಗಿ ಹೇಳಲು ಏನೂ ಇಲ್ಲ. ನಿಕೋಸನ ಚಿಕ್ಕಮ್ಮನಿಗೆ ಇಂಗ್ಲಿಷ್ ಬಾರದು, ಸಫಿಯಾಳಿಗೆ ಗ್ರೀಕ್ ಬಾರದು, ಇಬ್ಬರೂ ಐದು ದಿನ ಮೀನಿನ ಬಗ್ಗೆ ಜಗಳಾಡಿದರು. ನಾನು ಮಾತ್ರ ಹೊರಡುವ ದಿನದ ಚಿಂತೆಯಲ್ಲಿದ್ದೆ. ಹಡಗು ತಪ್ಪಿದರೆ? ಗಾಳಿ ಎದ್ದು ಹಡಗೇ ಬರದಿದ್ದರೆ? ಕೊನೆಯ ಎರಡು ರಾತ್ರಿ ನಿದ್ದೆ ಮಾಡಲಿಲ್ಲ, ಅಲಾರಂ ಸರಿಯಾಗಿ ಹೊಡೆಯುತ್ತದೋ ಇಲ್ಲವೋ ಎಂದು ಕಾದು ಕೂತೆ. ಬೆಳಿಗ್ಗೆ ಐದೂವರೆಗೆ ಬಂದರಿನಲ್ಲಿ ನಿಂತಾಗ ಗಾಳಿ ಜೋರಾಗಿಯೇ ಇತ್ತು. ಖೋಬರ್‌ನ ಮಲಯಾಳಿ ಫಾರ್ಮಸಿಸ್ಟ್ ವಾಂತಿಯಾಗದ ಹಾಗೆ ಒಂದು ಪಟ್ಟಿ ಮಾತ್ರೆ ಕೊಟ್ಟು, ಒಂದೇ ಸಾಕೆಂದು ಹೇಳಿ ಕಳಿಸಿದ್ದ. ಈ ಒಂಬತ್ತು ಗಂಟೆಯಲ್ಲಿ ಒಂದು ನಿಮಿಷವೂ ಹಾಳಾಗಬಾರದು, ಹೊಟ್ಟೆ ತೊಳಸಿ ಒಳಗೆ ಮಲಗುವಂತಾಗಬಾರದು ಎಂದು ನಾನು ಮುಂಜಾಗ್ರತೆಯಿಂದ ಎರಡು ನುಂಗಿದೆ.

ಹಡಗು ಹತ್ತಿದ್ದು ನೆನಪಿದೆ. ಮೇಲಿನ ಡೆಕ್ಕಿನಲ್ಲಿ ನೀಲಿ ಬೆಂಚು, ಎಡಕ್ಕೆ ಶಾನು, ಬಲಕ್ಕೆ ಸಫಿಯಾ. ದ್ವೀಪದ ಬೆಟ್ಟ ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಇನ್ನು ಒಂಬತ್ತು ಗಂಟೆ ಎಂದುಕೊಂಡೆ. ಅದರ ನಂತರ ನನಗೆ ಗೊತ್ತಿರುವುದು ಸಫಿಯಾ ನನ್ನ ಕೆನ್ನೆ ತಟ್ಟಿದ್ದು.

"ಏಳಿ, ಬಂತು. ಇಳಿಯುವಾ."

ಕಣ್ಣು ಬಿಟ್ಟರೆ ಅಥೆನ್ಸಿನ ಬಂದರು. ಕ್ರೇನುಗಳು, ಲಾರಿಗಳು, ಗಲಾಟೆ. ಮೈಮೇಲೆ ಶಾನುವಿನ ಶಾಲು ಹೊದೆಸಿತ್ತು. ನಾನು ಸಿಟ್ಟಿನಿಂದಲೋ ಅಳುವಿನಿಂದಲೋ ಕೂಗಿಬಿಟ್ಟೆ. "ಎಬ್ಬಿಸ್ಲಿಕ್ಕೆ ಎಂತ ಆಗಿತ್ತು ನಿಮಗೆ? ನಾನು ಯಾಕೆ ಈ ಹಡಗು ಹುಡುಕಿದ್ದು ಗೊತ್ತುಂಟಲ್ಲ ನಿನಗೆ!"

"ಗೊತ್ತುಂಟು" ಎಂದಳು ಸಫಿಯಾ. "ಎರಡು ಸಲ ಎಬ್ಬಿಸ್ಲಿಕ್ಕೆ ನೋಡಿದೆ. ಮೊದಲ ಸಲ ಆ ಮಾತ್ರೆಯ ಮಂಪರಿನಲ್ಲಿ ನೀವು ಏಳಲಿಲ್ಲ. ಎರಡನೇ ಸಲ ಇವಳು ಬಿಡಲಿಲ್ಲ."

ಶಾನು ಬ್ಯಾಗಿನ ಝಿಪ್ಪು ಹಾಕುತ್ತಾ, ನನ್ನ ಕಡೆ ನೋಡದೆ ಹೇಳಿದಳು: "ಪಪ್ಪಾ, ನಿಮ್ಮ ತಲೆ ನನ್ನ ಭುಜದ ಮೇಲಿತ್ತು. ಫುಲ್ ಟೈಮ್. ಐ ಡಿಡ್ ನಾಟ್ ವಾಂಟ್ ಟು ಮೂವ್." ಅವಳ ಕಣ್ಣು ಕೆಂಪಾಗಿತ್ತು. ಒಂಬತ್ತು ಗಂಟೆ ಅವಳು ಅಲುಗಾಡದೆ ಕೂತಿದ್ದಳು. ಇಳಿಯುವಾಗ ಬಲಗೈ ಎತ್ತಲಾಗದೆ ಬ್ಯಾಗನ್ನು ಎಡಗೈಯಲ್ಲಿ ಹಿಡಿದಿದ್ದಳು.

ವಿಮಾನ ನಿಲ್ದಾಣದಲ್ಲಿ ಅವರ ಗೇಟು ಒಂದು ಕಡೆ, ನನ್ನದು ಇನ್ನೊಂದು ಕಡೆ. ಅಲ್ಲಿ ಸಮಯ ಬಹಳ ಕಡಿಮೆಯಿತ್ತು, ಅದನ್ನೂ ನಾನೇ ಯೋಜಿಸಿದ್ದೆ. ಪಾಸ್‌ಪೋರ್ಟ್ ಕೈಚೀಲದಲ್ಲಿದೆಯಾ, ನೀರು ಕುಡಿದಿರಾ ಎಂದು ಕೇಳುವುದರಲ್ಲಿ ಅದೂ ಮುಗಿಯಿತು. ಖೋಬರ್‌ಗೆ ಬಂದು ಬೀಗ ತೆಗೆದು ಒಳಗೆ ಹೋದಾಗ, ಇಡೀ ಜೀವಮಾನದಲ್ಲಿ ಮೊದಲ ಬಾರಿಗೆ, ಮುಂದೇನು ಮಾಡಬೇಕೆಂಬ ಯೋಜನೆ ನನ್ನ ಬಳಿ ಇರಲಿಲ್ಲ.

ಈಗ ಶುಕ್ರವಾರ ನಮಾಜು ಮುಗಿಸಿ ಬಂದು ಅನ್ನಕ್ಕೆ ಇಟ್ಟು ಮಂಗಳೂರಿಗೆ ಫೋನು ಮಾಡುತ್ತೇನೆ. ಕಾಲೇಜು, ಕರೆಂಟು, ಪಕ್ಕದ ಮನೆಯವರ ಸುದ್ದಿ ಎಲ್ಲ ಆದ ಮೇಲೆ, ಆ ಹಡಗಿನಲ್ಲಿ ಏನೇನಾಯಿತು ಎಂದು ಕೇಳುತ್ತೇನೆ. ಒಂದು ವಾರ ಸಫಿಯಾ ಹೇಳುತ್ತಾಳೆ, ಒಂದು ವಾರ ಶಾನು. ಎರಡನೇ ದ್ವೀಪದಲ್ಲಿ ಒಬ್ಬ ಮುದುಕ ಹಾಸಿಗೆ ಹೊತ್ತುಕೊಂಡು ಹತ್ತಿದನಂತೆ. ಮೂರನೆಯದರಲ್ಲಿ ನನ್ನ ಗೊರಕೆ ಕೇಳಿ ಒಂದು ಮಗು ಅತ್ತಿತಂತೆ. ತಾಯಿ ಮಗಳು ಆಗ ನಕ್ಕು ನಕ್ಕು ಸುಸ್ತಾದರಂತೆ. ಇಲ್ಲಿಯವರೆಗೆ ನಾಲ್ಕು ಗಂಟೆಯಷ್ಟು ದಾರಿ ನನಗೆ ಗೊತ್ತಾಗಿದೆ. ಮೊನ್ನೆ ಶಾನು ಉತ್ಸಾಹದಲ್ಲಿ ಮುಂದಿನದ್ದನ್ನೂ ಗಡಗಡ ಹೇಳಲು ಹೊರಟಾಗ ನಾನೇ ತಡೆದೆ. ಅವಸರ ಬೇಡ ಮಗಳೇ, ಮುಂದಿನ ರಜೆಗೆ ಇನ್ನೂ ಎಂಟು ತಿಂಗಳಿದೆ, ಅಲ್ಲಿಯವರೆಗೆ ಈ ಹಡಗನ್ನು ದಡ ಮುಟ್ಟಿಸಬೇಡ ಎಂದೆ.