ಭಾವನ ಮೂರನೇ ಫಾರ್ಮು

ನಮ್ಮ ಭಾವನಷ್ಟು ಬುದ್ಧಿವಂತರು ಮುಂಬಯಿ ಪಕ್ಕದ ಠಾಣೆ ಊರಲ್ಲಿ ಇನ್ನೊಬ್ಬರಿಲ್ಲ. ಇದು ನನ್ನ ಮಾತಲ್ಲ, ಅವರದೇ! ಅಲ್ಲಿನ ನೌಪಾಡಾದ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ ಇಡ್ಲಿಯೋ ಮಸಾಲೆದೋಸೆಯೋ ಎಂದು ಹೇಳಬಲ್ಲವರು. ಅಂಥವರು ಆ ವರ್ಷದ ಜುಲೈಯಲ್ಲಿ ನಾಲ್ಕು ಕಾಗದಗಳ ಮುಂದೆ ಕಕ್ಕಾಬಿಕ್ಕಿಯಾಗಿ ಕೂತರು.

ಬಾಡಿಗೆಗಿದ್ದ ಡೊಂಬಿವಲಿಯಲ್ಲೇ ಸ್ವಂತದ್ದೊಂದು ಮನೆ ಮಾಡಬೇಕೆಂದು ಅಕ್ಕನ ಹಟ. ಸಾಲಕ್ಕೆ ಬ್ಯಾಂಕಿನವರು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳಿದ್ದರು. ಭಾವ ಜನ್ಮದಲ್ಲಿ ಅದನ್ನು ತುಂಬಿದವರಲ್ಲ. ಅಂಗಡಿಯಿಂದ ನಾಲ್ಕು ನಮೂನೆಯ ಫಾರ್ಮುಗಳನ್ನೂ ತಂದರು. ಮೆನು ನೋಡದೆ ಆರ್ಡರ್ ಕೊಡುವವ ಮೂರ್ಖ ಎಂಬುದು ಅವರ ಸಿದ್ಧಾಂತ!

"ಒಂದನೇದು ತುಂಬಿ ಭಾವ. ಸಂಬಳದವರಿಗೆ ಅದೇ" ಎಂದೆ.

"ಸಂಬಳದವ ಯಾರು?"

"ನೀವೇ!"

"ಎಂತ ಮಾತಾಡ್ತಿ ಮಾರಾಯ? 'ಇದು ನಿನ್ನದೇ ಹೋಟ್ಲು' ಅಂತ ಧಣಿಗಳು ಯಾವಾಗ್ಲೂ ಹೇಳ್ತಾರೆ. ಇಲ್ಲಿ ನೋಡು, ಮೂರನೇದರಲ್ಲಿ ಪಾರ್ಟ್ನರ್ ಅಂತ ಉಂಟು!"

ಧಣಿಗಳು ಹಾಗೆ ಹೇಳುವುದು ಹೆಚ್ಚಾಗಿ ಭಾವ ರಜೆ ಕೇಳಿದಾಗ.

ಮರುದಿನ ಮುಂಜಾನೆಯ ಲೋಕಲ್‌ನಲ್ಲಿ ದಾರಿಯುದ್ದಕ್ಕೂ ಭಜನೆ ಹಾಡುತ್ತ ಹೋಗುವ ಮಂಡಳಿಯವರ ಮುಂದೆ ಪ್ರಶ್ನೆ ಇಟ್ಟರಂತೆ. ತಾಳ ನಿಂತಿತು. "ಕಾಕಾ, ಪಗಾರ್ ಘೇತಾ ನಾ? ಮಗ್ ಏಕ್ ನಂಬರ್!" ಎಂದರು ಎಲ್ಲರೂ, ಸಂಬಳ ತಗೊಳ್ಳುವವರಿಗೆ ಒಂದನೇದೇ ಅಂತ. ಒಬ್ಬ ಮಾತ್ರ ಎರಡನೇದು ಎಂದ. ಅವನು ಫಾರ್ಮು ಓದಿರಲಿಲ್ಲ. ಮುಂಬ್ರಾ ಸ್ಟೇಷನ್ ಬಂದರೂ ಭಾವನಿಗೆ ಸಮಾಧಾನವಿಲ್ಲ!

ಕೊನೆಗೆ ನಾನೇ ಒಬ್ಬ ಟ್ಯಾಕ್ಸ್ ಸಲಹೆಗಾರರ ಬಳಿ ಕರೆದೊಯ್ದೆ. "ಪಾರ್ಟ್ನರ್ ಹೋ? ಡೀಡ್ ಹೈ ಕ್ಯಾ?" ಎಂದು ಅವರು ಪಾಲುದಾರಿಕೆಯ ಪತ್ರ ಕೇಳಿದರು.

ಭಾವ ಸೊಂಟದಿಂದ ಹೋಟೆಲಿನ ಬೀಗದ ಕೈಗೊಂಚಲು ತೆಗೆದು ಮೇಜಿನ ಮೇಲಿಟ್ಟರು. "ಡೀಡ್ ನಹೀಂ. ಚಾವಿ ಹೈ!"

"ಅಣ್ಣಾ, ಚಾವಿ ಕಾ ಫಾರ್ಮ್ ಅಭೀ ತಕ್ ಆಯಾ ನಹೀಂ" ಎಂದರು ಸಲಹೆಗಾರರು. ಬೀಗದ ಕೈಗೆಂದು ಫಾರ್ಮು ಇನ್ನೂ ಬಂದಿಲ್ಲವಂತೆ!

ದಾರಿಯುದ್ದಕ್ಕೂ ನನಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಅಕ್ಕ ಮಾತು ಬಿಟ್ಟಳು. ರಿಟರ್ನ್ ಕೊಡುವ ಕೊನೆಯ ದಿನಕ್ಕೆ ಒಂದೇ ದಿನ ಉಳಿದಾಗ ನನಗೂ ರೇಗಿಹೋಯಿತು.

"ಇಷ್ಟು ಸಣ್ಣ ವಿಷಯ ತಲೆಗೆ ಹೋಗುವುದಿಲ್ಲವಾ ಭಾವ? ಧಣಿಗಳನ್ನೇ ಕೇಳಿಬಿಡಿ, ನೀವು ಅಲ್ಲಿ ಯಾರು ಅಂತ!"

"ಕೇಳ್ಬಾರ್ದು. ಕೇಳಿದ್ರೆ ಅವರು ಹೇಳ್ಬೇಕಾಗ್ತದೆ."

ಹಾಗೆಂದವರೇ ಹಾಸಿಗೆಯಡಿಯಿಂದ ಒಂದನೇ ಫಾರ್ಮು ಎಳೆದರು. ಪೂರ್ತಿ ತುಂಬಿತ್ತು, ಪೆನ್ನಿನಲ್ಲಿ! ಸಹಿಯೂ ಆಗಿತ್ತು. ಕೆಳಗಿನ ತಾರೀಕು ಅವರು ಫಾರ್ಮುಗಳನ್ನು ತಂದ ದಿನದ್ದೇ.

"ಮೊದಲ ದಿನವೇ ಗೊತ್ತಿತ್ತು ಮಾರಾಯ. ಯಾರಾದ್ರೂ ಒಬ್ಬ ಮೂರನೇದು ಅಂತಾನಾ ಅಂತ ನೋಡಿದ್ದು, ಅಷ್ಟೇ."

ತಿಂಗಳಿಡೀ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು. ಭಾವ ಫಾರ್ಮನ್ನು ನನ್ನ ಕೈಗಿತ್ತು, ಕೈಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾಳೆ ನೀನೇ ಕೊಟ್ಟು ಬಾ. ನನಗೆ ಹೋಟ್ಲು ತೆರೀಲಿಕ್ಕೆ ಉಂಟು."