ಲೀಟರಿಗೆ ಅರವತ್ತು ಕಿಲೋಮೀಟರ್

ಮೂವತ್ತು ವರ್ಷ ತಮಿಳುನಾಡಿನ ಕೊಂಬೈಯ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು. ಎಂಜಿನ್ ಒಳಗೆ ಇಂಧನ ಹೇಗೆ ಉರಿಯುತ್ತದೆ, ಅದರ ಶಾಖದಲ್ಲಿ ಎಷ್ಟು ಪೋಲಾಗುತ್ತದೆ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ಬರೆದು ಕೈ ಸವೆದಿದೆ. ಅಂಥವನ ಬೈಕು ಲೀಟರಿಗೆ ನಲವತ್ತೇ ಕಿಲೋಮೀಟರ್ ಓಡುವುದು ವಿಜ್ಞಾನಕ್ಕೇ ಅವಮಾನವೆಂದು ನಿವೃತ್ತಿಯ ನಂತರ ನನಗೆ ತೋರಿತು. ಅರವತ್ತು ಮಾಡಿಯೇ ತೀರುವುದೆಂದು ನಿರ್ಧರಿಸಿದೆ.

ಬೈಕಿನ ಮುಂದೆ ಸ್ಪ್ಯಾನರ್ ಹಿಡಿದು ಕೂತಾಗ ಹೆಂಡತಿ ಲಕ್ಷ್ಮಿ ತಮಿಳು ಬೆರೆತ ನಮ್ಮ ಮನೆಗನ್ನಡದಲ್ಲಿ ಕೇಳಿದಳು: “ವಂಡಿ ನಲ್ಲಾಗೇ ಓಡ್ತಾ ಅದೆ. ಅದ್ಯಾಕೆ ಕೆದಕ್ತೀರಿ?”

ಪ್ರಶ್ನೆ ಪಠ್ಯದ ಹೊರಗಿನದೆಂದು ಬದಿಗಿಟ್ಟೆ. ಎಂಜಿನ್ ಧಾರಾಳವಾಗಿ ಉಸಿರಾಡಲೆಂದು ಏರ್ ಫಿಲ್ಟರ್ ಕಿತ್ತಿಟ್ಟೆ. ಪೆಟ್ರೋಲ್ ಹಿತಮಿತವಾಗಿ ಇಳಿಯಲೆಂದು ಕಾರ್ಬುರೇಟರಿನ ಸೂಜಿಯನ್ನು ತಗ್ಗಿಸಿದೆ. ಟೈರುಗಳಿಗೆ ಕಲ್ಲಾಗುವಷ್ಟು ಗಾಳಿ ತುಂಬಿದೆ. ಬೀದಿಯಲ್ಲಿ ಎರಡು ಸುತ್ತು ಹೊಡೆದೆ. ಓಡಿತು. ಸಿದ್ಧಾಂತ ಸಾಬೀತಾಯಿತು!

ಮರುದಿನ ಪೆರಿಯಕುಳಂನಲ್ಲಿ ಲಕ್ಷ್ಮಿಯ ಅಣ್ಣನ ಮಗಳ ನಿಶ್ಚಿತಾರ್ಥ. ಸೋದರತ್ತೆ ತಂದ ಸೀರೆಯನ್ನು ಹುಡುಗಿ ಉಟ್ಟು ಬಂದ ಮೇಲೆಯೇ ಎರಡೂ ಮನೆಯವರು ತಾಂಬೂಲದ ತಟ್ಟೆ ಬದಲಾಯಿಸುವುದು. ಆ ಸೀರೆ ಲಕ್ಷ್ಮಿಯ ಮಡಿಲಲ್ಲಿತ್ತು. ಬಸ್ಸಿಗೆ ಹೋಗೋಣವೆಂದು ಅವಳು ಎರಡು ಸಲ ಹೇಳಿದಳು. ನಾನು ಬೈಕೇ ಎಂದೆ.

ಚಿನ್ನಮನೂರು ದಾಟುವಾಗ ಎಂಜಿನ್ ಕಟಕಟ ಎನ್ನತೊಡಗಿತು. ದಕ್ಷತೆ ಹೆಚ್ಚಾದ ಲಕ್ಷಣವೆಂದು ವಿವರಿಸಿದೆ. ಆಮೇಲೆ ಸುಟ್ಟ ವಾಸನೆ ಬಂತು. ಅದಕ್ಕೊಂದು ವಿವರಣೆ ಹುಡುಕುತ್ತಿರುವಾಗಲೇ ಬೈಕು ನಿಂತುಬಿಟ್ಟಿತು. ಮುಹೂರ್ತಕ್ಕೆ ಇನ್ನು ಒಂದೂವರೆ ಗಂಟೆ. ಲಕ್ಷ್ಮಿ ಇಳಿದು, ಪೆರಿಯಕುಳಂ ಕಡೆ ಹೊರಟಿದ್ದ ತೆಂಗಿನಕಾಯಿ ವ್ಯಾನಿಗೆ ಕೈ ಅಡ್ಡ ಹಿಡಿದಳು. ಡ್ರೈವರ್ ಪಕ್ಕ ಇದ್ದದ್ದು ಒಂದೇ ಜಾಗ. ನನಗೆ ಬೈಕು ಉಳಿಯಿತು.

ತಳ್ಳಿಕೊಂಡು ಹೋಗಿ ಒಂದು ಮೆಕ್ಯಾನಿಕ್ ಅಂಗಡಿ ಸೇರಿದೆ. ಅಂಗಡಿಯವನೂ ನಮ್ಮ ಕನ್ನಡದವನೇ. ನಾನು ಮೇಷ್ಟ್ರೆಂದು ಹೇಳಿಕೊಂಡು ವಿವರಿಸಿದ ಸುಧಾರಣೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, “ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಎಂಜಿನ್ ಕಾಯದೆ ಇನ್ನೇನ್ ಮಾಡ್ತದೆ, ವಾತ್ಯಾರೇ?” ಎಂದ. ಇದೇ ಉತ್ತರವನ್ನು ಎಷ್ಟೋ ಮಕ್ಕಳಿಗೆ ನಾನೇ ಬಾಯಿಪಾಠ ಮಾಡಿಸಿದ್ದೆ. ಪಿಸ್ಟನ್ ಕಚ್ಚಿಕೊಂಡಿದೆ, ಮೂರು ದಿನ ಬೇಕು ಎಂದ.

ಬಸ್ಸು ಹಿಡಿದು ಮಂಟಪ ತಲುಪಿದಾಗ ಸೀರೆ ಸಮಯಕ್ಕೆ ಮುಟ್ಟಿ, ತಟ್ಟೆ ಬದಲಾಗಿ, ಊಟ ನಡೆಯುತ್ತಿತ್ತು. ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಕೆಮ್ಮಿ ಸುಮ್ಮನಾಯಿತು. ಗಂಡಿನ ತಂದೆ ಮಸಿಯಾದ ನನ್ನ ಕೈ, ಅಂಗಿ ನೋಡಿ, ರಿಪೇರಿಯವನು ಬಂದನೆಂದು ನನ್ನನ್ನು ನೇರ ಅದರ ಬಳಿಗೇ ಕರೆದೊಯ್ದರು.

ಲಕ್ಷ್ಮಿ ಎಂಜಲು ಕೈಯಲ್ಲೇ ಎದ್ದು ಬಂದು ಅವರಿಗೆ ಹೇಳಿದಳು: “ಅಣ್ಣಾ, ಇವರ ಕೈಗೆ ಮಾತ್ರ ಕೊಡಬೇಡಿ.”

ನಾನು ಮೆಕ್ಯಾನಿಕ್ ಅಲ್ಲ ಎಂದು ನಾನೂ ಹೇಳಿದೆ. ಅಂದು ಎಂಜಿನ್ ವಿಷಯದಲ್ಲಿ ನಾನಾಡಿದ ಮಾತುಗಳಲ್ಲಿ ಸರಿಯಾದದ್ದು ಅದೊಂದೇ.