ಪಿಸ್ಟನ್ ಇಲ್ಲದ ಮಾವ

ಇಡೀ ಹುಣಸೂರು ತಾಲ್ಲೂಕಿನಲ್ಲಿ ಪಿಸ್ಟನ್ ಇಲ್ಲದೆ ಬದುಕುತ್ತಿರುವ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಗಾಬರಿಯಾಗಬೇಡಿ. ಪಿಸ್ಟನ್ ಇಲ್ಲದಿರುವುದು ಅವರ ದೇಹದಲ್ಲಲ್ಲ, ಅವರ ಕಾರಿನಲ್ಲಿ. ಆದರೆ ಆ ಕಾರಿಗೂ ಮಾವನಿಗೂ ಎಷ್ಟು ವರ್ಷದ ಅಂಟು ಎಂದರೆ, ಯಾವುದು ಯಾರ ಕಾಯಿಲೆ ಎಂದು ಬಿಡಿಸಿ ಹೇಳುವುದು ಕಷ್ಟ. ಕಾರು ಕೆಮ್ಮಿದ ದಿನ ಮಾವ ಶುಂಠಿ ಕಷಾಯ ಕುಡಿಯುತ್ತಾರೆ.

ಗುರುಪುರದ ಹತ್ತಿರದ ನಮ್ಮೂರು ಹೊಗೆಸೊಪ್ಪು ಬೆಳೆಯುವ ಊರು. ಇಲ್ಲಿ ಗಂಡಸರು ಟ್ರ್ಯಾಕ್ಟರ್ ಇಟ್ಟುಕೊಳ್ಳುತ್ತಾರೆ, ಕೈ ಕೊಂಚ ಸಡಿಲವಿದ್ದರೆ ಒಂದು ಬೈಕು. ಮಾವ ಮಾತ್ರ ಜಪಾನಿನ ಕೆಂಪು ಕಾರು ಇಟ್ಟುಕೊಂಡಿದ್ದಾರೆ. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೋಗುವ ಜಾತಿ. ಹರೆಯದಲ್ಲಿ ಅವರು ಕೊಡಗಿನ ಒಂದು ಕಾಫಿ ತೋಟದಲ್ಲಿ ಡ್ರೈವರ್ ಆಗಿದ್ದರು. ತೋಟದ ಯಜಮಾನರು ಶೋಕಿಗೆಂದು ಹಡಗಿನಲ್ಲಿ ತರಿಸಿದ ಕಾರು ಅದು. ಮುಂದೆ ತೋಟ ಮಾರಿ ಊರು ಬಿಡುವಾಗ, "ಇದರ ಜೊತೆ ನೀನಲ್ಲದೆ ಬೇರೆ ಯಾರೂ ಏಗಲಾರರು ಕಣಯ್ಯ" ಎಂದು ಕೀಲಿಕೈ ಇವರ ಕೈಯಲ್ಲಿಟ್ಟರಂತೆ. ಅದು ಉಡುಗೊರೆಯೋ ಶಾಪವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಎರಡು ಅಭಿಪ್ರಾಯಗಳಿವೆ. ಮೊದಲನೆಯದು ಮಾವನದು. ಎರಡನೆಯದು ಉಳಿದೆಲ್ಲರದು.

ಮಾವ ಅದಕ್ಕೆ ಜಪಾನಮ್ಮ ಎಂದು ಹೆಸರಿಟ್ಟರು. ಅತ್ತೆ, "ನಂಗೊಬ್ಳು ಸವತಿ ತಂದವ್ರೆ. ಅದೂ ನಡಿಯಾಕೆ ಬರ್ದೇ ಇರೋಳ್ನ!" ಎಂದು ಊರಿಗೆಲ್ಲ ಸಾರಿದರು.

ಪಿಸ್ಟನ್ ಇಲ್ಲದೆ ಇಂಜಿನ್ ಹೇಗೆ ಓಡುತ್ತದೆ? ಕೇಳಬಾರದ ಪ್ರಶ್ನೆ. ನಾನು ಕೇಳಿಬಿಟ್ಟೆ. ಮಾವ ಹುಣಸೂರಿನಿಂದ ತಂದಿದ್ದ ಸಮೋಸವೊಂದನ್ನು ಬಟ್ಟಲಿನೊಳಗೆ ನಿಲ್ಲಿಸಿ ಬೆರಳಿನಿಂದ ತಿರುಗಿಸತೊಡಗಿದರು.

"ನೋಡಮ್ಮಿ, ಬೇರೆ ಗಾಡೀಲಿ ಪಿಸ್ಟನ್ನು ಒನಕೆ ಇದ್ದಂಗೆ. ಮ್ಯಾಲಕ್ಕೆ ಕೆಳಕ್ಕೆ ಕುಟ್ತದೆ. ನಮ್ ಜಪಾನಮ್ಮ ಕುಟ್ಟೋದಿಲ್ಲ, ಬೀಸ್ತಾಳೆ! ಈ ಮೂರ್ ಮೂಲೆ ಬೀಸೋಕಲ್ಲು ಒಳಗೇ ತಿರುಗ್ತದೆ. ತಿರುಗ್ತಾ ತಿರುಗ್ತಾ ಪೆಟ್ರೋಲ್ ಕುಡೀತದೆ, ಉರೀತದೆ, ಹೊಗೆ ಉಗೀತದೆ. ಅಷ್ಟೇಯ!"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಕುಡಿಯೋದು, ಉರಿಯೋದು, ಉಗಿಯೋದು! ಇದ್ಕೆ ಜಪಾನ್‌ಗಂಟ ಯಾಕೋಗ್ಬೇಕಿತ್ತು? ನಿಮ್ಮಣ್ಣ ಇಲ್ಲೇ ಅವ್ರಲ್ಲ!"

ಇಂಥ ಅಪರೂಪದ ಇಂಜಿನ್ನಿಗೆ ಒಂದು ಅಪರೂಪದ ರೋಗ. ವರ್ಷವೆಲ್ಲ ಹೇಗೋ ಏನೋ, ಆಯುಧಪೂಜೆ ಬಂತೆಂದರೆ ಸಾಕು, ಸ್ಟಾರ್ಟ್ ಆಗುವುದಿಲ್ಲ. ಕೀಲಿ ತಿರುಗಿಸಿದರೆ ಗರ್ರ್ ಗರ್ರ್ ಎಂದು ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಹಬ್ಬ ಕಳೆದ ಎಷ್ಟೋ ದಿನದ ಮೇಲೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರ ಸುತ್ತ ಎಳೆಸಿದರೆ ಢಂ ಎಂದು ಎದ್ದು ಕೂರುತ್ತದೆ. ಮತ್ತೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯಕ್ಕೆ ಮಾವ ಒಬ್ಬರೇ ಹುಣಸೂರಿನವರೆಗೆ ಓಡಿಸಿ, ಎಲ್ಲೂ ಇಳಿಯದೆ ಹಾಗೇ ವಾಪಸ್ ಬರುತ್ತಾರೆ. ಅತ್ತೆಗೆ ಸೆರಗು ಸರಿಮಾಡಿಕೊಂಡು ಹತ್ತಲು ಎಂದೂ ಪುರಸತ್ತು ಸಿಕ್ಕಿಲ್ಲ. ಕಾರು ನಿಂತಿದ್ದಾಗ ಓಡುವುದಿಲ್ಲ, ಓಡುವಾಗ ನಿಲ್ಲುವುದಿಲ್ಲ!

ರೋಗ ಪತ್ತೆಗೆ ಬಂದವರು ಒಬ್ಬಿಬ್ಬರೇ? ಹುಣಸೂರಿನ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ, ಬಗ್ಗಿ ನೋಡಿ, ಮುಚ್ಚಿ, ಸದ್ದಿಲ್ಲದೆ ಹಿಂದೆ ಹೋಗಿ ಡಿಕ್ಕಿ ತೆರೆದರು. "ಅಲ್ಯಾಕಣ್ಣ?" ಎಂದರೆ, "ಇಂಜಿನ್ ಎಲ್ ಮಡಗವ್ರೆ ಅಂತ ನೋಡ್ತಿದ್ದೆ" ಎಂದರು. ತಪ್ಪು ಅವರದಲ್ಲ. ನಮ್ಮ ಬಚ್ಚಲಿನ ಹಂಡೆ ಆ ಇಂಜಿನ್ನಿಗಿಂತ ದೊಡ್ಡದು. ಪಿರಿಯಾಪಟ್ಟಣದಿಂದ ಬಂದ ಟ್ರ್ಯಾಕ್ಟರ್ ಮೆಕ್ಯಾನಿಕ್, "ಡೀಸೆಲ್‌ಗೆ ನೀರು ಸೇರ್ಕಂಡದೆ" ಎಂದು ತೀರ್ಪು ಕೊಟ್ಟರು. "ಇದು ಪೆಟ್ರೋಲ್ ಗಾಡಿ ಕಣಪ್ಪ" ಎಂದು ಮಾವ ನೆನಪಿಸಿದರು. "ಅಂಗಾರೆ ಪೆಟ್ರೋಲ್‌ಗೆ ಡೀಸೆಲ್ ಸೇರ್ಕಂಡದೆ!" ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಮಾವನ ಅಳಿಯ ಬಂದು "ಕಾಯಿಲ್ ಹೋಗಿದೆ" ಎಂದ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯ ಮಂಡಿನೋವಿಗೂ ಅವನು ಅದನ್ನೇ ಹೇಳಿದ್ದ.

ಕೊನೆಗೆ ಎಚ್.ಡಿ. ಕೋಟೆ ಕಡೆಯಿಂದ ದೃಷ್ಟಿ ತೆಗೆಯುವವರೊಬ್ಬರನ್ನು ಕರೆಸಿದರು. "ಅಬ್ಬದ ದಿನ್ವೇ ಕೂರ್ತದೆ ಅಂದ್ರೆ ಯಾರ್ದೋ ಕೆಟ್ ಕಣ್ಣು" ಎಂದು ಅವರು ಕಾರಿನ ಸುತ್ತ ಮೆಣಸಿನಕಾಯಿ ಇಳಿ ತೆಗೆದರು, ಕಪ್ಪು ದಾರ ಕಟ್ಟಿದರು. ಆಮೇಲೆ ಅದರೊಳಗೆ ಕೂತು ತಾವೇ ಒಂದು ಫೋಟೋ ತೆಗೆಸಿಕೊಂಡು ಹೋದರು!

ಇನ್ನು ಅತ್ತೆಯ ಕಷ್ಟ. ಜಪಾನಮ್ಮ ಮಲಗಿರುವುದು ಹಸುವಿನ ಕೊಟ್ಟಿಗೆಯಲ್ಲಿ. ಹಸು ನಿಂತಿರುವುದು ಹುಣಸೆ ಮರದ ಕೆಳಗೆ, ಪ್ಲಾಸ್ಟಿಕ್ ಹಾಳೆಯ ಅಡಿ. ಹಾಲು ಕೊಡುವುದು ಮಳೆಯಲ್ಲಿ ನೆನೆಯಬೇಕು, ಹೊಗೆ ಕೊಡುವುದು ಸೂರಿನಡಿ ಬೆಚ್ಚಗಿರಬೇಕು. ಇದು ಯಾವ ನ್ಯಾಯ? ಈ ಮಳೆಗಾಲದಲ್ಲಿ ಹಸುವಿಗೆ ಜ್ವರ ಬಂದಾಗ ಅತ್ತೆ ಕೂಗಾಡಲಿಲ್ಲ. ಅದೇ ಅಪಾಯದ ಲಕ್ಷಣ. ನೇರ ಗುಜರಿಯವನಿಗೆ ಫೋನ್ ಮಾಡಿ, ಆಯುಧಪೂಜೆಯ ಮಾರನೇ ದಿನ ಬರಲು ಹೇಳಿಬಿಟ್ಟರು.

"ಅವ್ನು ಬಂದಾಗ ಅದು ತಾನಾಗೇ ಸ್ಟಾರ್ಟ್ ಆಗಿ ಕೊಟ್ಟಿಗೆಯಿಂದ ಈಚಿಗೆ ಬಂದ್ರೆ ಇರ್ಲಿ. ನಾಕ್ ಜನ ತಳ್ಕಂಡು ತರ್ಬೇಕು ಅಂದ್ರೆ, ಅಂಗೇ ತಳ್ಕಂಡು ಓಗ್ಲಿ."

ಮಾವ ಹುಣಸೆ ಮರದ ಕೆಳಗೆ ಹೋದರು. ಹಸುವಿನ ಮೈ ಒರೆಸಿದರು, ಔಷಧಿ ಕುಡಿಸಿದರು, ಆಮೇಲೆ ಕಾರಿನ ಹತ್ತಿರ ಹೋಗಿ ಅದರ ಗಾಜನ್ನೂ ಒರೆಸಿದರು. ಒರೆಸಿದ್ದನ್ನೇ ಒರೆಸುತ್ತಿದ್ದರು ಎಂದು ಅತ್ತೆಯೇ ನನಗೆ ಫೋನಿನಲ್ಲಿ ಹೇಳಿದ್ದು.

ದಸರಾ ರಜೆಗೆಂದು ಪೂಜೆಯ ದಿನ ಬೆಳಿಗ್ಗೆ ನಾನು ಊರು ತಲುಪಿದಾಗ ಪರಿಸ್ಥಿತಿ ಹೀಗಿತ್ತು: ಹಿಂದಿನ ದಿನವೇ ಕಾರು ಎಂದಿನಂತೆ ಪ್ರಾಣಬಿಟ್ಟಿತ್ತು. ಮಾವ ನಲ್ಲಿಯ ಪಕ್ಕದಲ್ಲಿ, ತೊಳೆದ ಕಾರಿನ ಮುಂದೆ, ಆಸ್ಪತ್ರೆ ವರಾಂಡದಲ್ಲಿ ಕೂತವರ ಹಾಗೆ ಕೂತಿದ್ದರು.

ಇಲ್ಲಿ ನನ್ನ ಬಗ್ಗೆ ಎರಡು ಮಾತು. ನಮ್ಮ ವಂಶಕ್ಕೆ ನಾನೇ ಮೊದಲ ಪದವೀಧರೆ. ಅದಕ್ಕೆ ಮುಂಚೆ ನಮ್ಮ ಮನೆಯಲ್ಲಿ ಡಿಗ್ರಿ ಎಂಬ ಮಾತು ಬರುತ್ತಿದ್ದುದು ಸೊಪ್ಪು ಬೇಯಿಸುವ ಬ್ಯಾರನ್ನಿನ ಥರ್ಮಾಮೀಟರ್ ನೋಡುವಾಗ ಮಾತ್ರ. ಕೋಲಿಗೆ ಹಸಿ ಸೊಪ್ಪು ಕಟ್ಟುತ್ತ, ಅಂಟಿದ ಬೆರಳಲ್ಲೇ ಪುಟ ತಿರುಗಿಸುತ್ತ ಓದಿ ಬಿ.ಎಸ್ಸಿ. ಮಾಡಿದವಳು. ನನ್ನ ಭೌತಶಾಸ್ತ್ರದ ಪುಸ್ತಕ ಇಂದಿಗೂ ಹೊಗೆಸೊಪ್ಪಿನ ವಾಸನೆ ಹೊಡೆಯುತ್ತದೆ. ಈಗ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಇಷ್ಟು ಕಷ್ಟಪಟ್ಟು ತಂದ ಪದವಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಗುತ್ತದೆಯೇ? ಸೆರಗು ಸಿಕ್ಕಿಸಿ ಇಳಿದೇಬಿಟ್ಟೆ.

"ಬಂದ್ರಪ್ಪ ಟೀಚರಮ್ಮ! ಇನ್ನ ಅದ್ಕೆ ಕನ್ನಡ ಪಾಠ ಒಂದು ಬಾಕಿ ಇತ್ತು" ಎಂದರು ಅತ್ತೆ, ಒಬ್ಬಟ್ಟಿನ ಕಣಕ ನಾದುತ್ತ.

"ಮಾವ, ನಿನ್ನೆ ಏನಾಯ್ತು? ಮೊದಲಿಂದ ಹೇಳಿ."

"ಏನಾಯ್ತದೆ? ತೊಳೀಬೇಕಿತ್ತು. ಕೀ ತಿರುಗಿಸ್ದೆ, ಒಂದೇ ಸಲಕ್ಕೆ ಸ್ಟಾರ್ಟ್ ಆದ್ಲು, ಚಿನ್ನದಂತೋಳು! ಕೊಟ್ಟಿಗೆಯಿಂದ ನಲ್ಲಿ ತಾವ್ಕೆ ತಂದೆ. ಆಫ್ ಮಾಡ್ದೆ. ತೊಳುದೆ. ಅಮ್ಯಾಕೆ ಇಲ್ಲ."

"ತಂದ ತಕ್ಷಣ ಆಫ್ ಮಾಡಿದ್ರಾ?"

"ಮತ್ತೆ? ನಿಂತಿರೋ ಗಾಡಿಗೆ ಸುಮ್ನೆ ಪೆಟ್ರೋಲ್ ಕುಡಿಸ್ಲಾ?"

"ಹೋದ ವರ್ಷ?"

"ಓದ್ ವರ್ಸ ಪೂಜೆ ಆಯ್ತು. ಚಕ್ರದಡಿ ನಿಂಬೆಹಣ್ಣು ಮಡಗಿ ಹತ್ತಿಸ್ದೆ. ಆಫ್ ಮಾಡ್ದೆ. ಅಮ್ಯಾಕೆ ಇಲ್ಲ."

"ಅದರ ಹಿಂದಿನ ವರ್ಷ?"

"ನಿಂಬೆಹಣ್ಣು ಹತ್ತಿ..." ಎಂದವರು ಬಾಯಿ ತೆರೆದುಕೊಂಡೇ ಉಳಿದರು.

ನಾನು ಒಂದು ಪ್ಲಗ್ ಬಿಚ್ಚಿ ನೋಡಿದೆ. ಪೆಟ್ರೋಲಿನಲ್ಲಿ ಅದ್ದಿ ತೆಗೆದ ಹಾಗೆ ತೊಟ್ಟಿಕ್ಕುತ್ತಿತ್ತು. ವಿಷಯ ಇಷ್ಟೇ. ತಣ್ಣಗಿರುವಾಗ ಈ ಇಂಜಿನ್ ಬಕಾಸುರನ ಹಾಗೆ ಪೆಟ್ರೋಲ್ ಕುಡಿಯುತ್ತದೆ. ಒಂದಷ್ಟು ದೂರ ಓಡಿ ಮೈ ಬಿಸಿಯಾದರೆ ಕುಡಿದದ್ದೆಲ್ಲ ಉರಿದುಹೋಗುತ್ತದೆ. ಬಿಸಿಯಾಗುವ ಮುಂಚೆಯೇ ಕತ್ತು ಹಿಸುಕಿ ನಿಲ್ಲಿಸಿದರೆ? ಅಷ್ಟೂ ಒಳಗೇ ಉಳಿದು ಪ್ಲಗ್ಗು ಮುಳುಗುತ್ತದೆ. ಮುಳುಗಿದ್ದು ಕಿಡಿ ಕೊಡುವುದಿಲ್ಲ. ಮಾವ ಮತ್ತೆ ಮತ್ತೆ ಕೀಲಿ ತಿರುಗಿಸಿದಷ್ಟೂ ಇನ್ನಷ್ಟು ಪೆಟ್ರೋಲು ಒಳಕ್ಕೆ! ಬ್ಯಾರನ್ನಿನ ಒಲೆಗೆ ಒದ್ದೆ ಸೌದೆ ತುಂಬಿ, ಹತ್ತಲಿಲ್ಲವೆಂದು ಇನ್ನಷ್ಟು ಒದ್ದೆ ಸೌದೆ ತುಂಬಿದ ಹಾಗೆ.

"ಅಂದ್ರೆ ವರ್ಸಾ ವರ್ಸಾ ಪೂಜೆ ಮಾಡಿ ನಾನೇ ಅವಳ್ನ ಸಾಯಿಸ್ತಿದ್ನಾ?" ಎಂದರು ಮಾವ.

"ಪೂಜೆ ಏನೂ ಮಾಡಿಲ್ಲ ಮಾವ. ಇದು ನಿಮ್ಮ ಪೆಟ್ರೋಲ್ ಉಳಿತಾಯದ ಕೆಲಸ."

ಕಾರಣ ಕಂಡುಹಿಡಿದದ್ದು ನಾನು, ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಚಿಕಿತ್ಸೆಯನ್ನು ಮಾತ್ರ ಫೋನಿನಲ್ಲಿ ಯಾರೋ ಪರದೇಶದ ಪುಣ್ಯಾತ್ಮನ ವಿಡಿಯೊ ನೋಡಿ ಕಲಿತದ್ದು. ಪಕ್ಕದ ಮನೆಯ ಟ್ರ್ಯಾಕ್ಟರ್ ಬ್ಯಾಟರಿ ಕಡ ತಂದೆವು. ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತೆವು. ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಖಾಲಿ ಇಂಜಿನ್ ತಿರುಗಿಸಿದರೆ, ತೂತುಗಳಿಂದ ಪೆಟ್ರೋಲು ಪಿಚಕಾರಿಯ ಹಾಗೆ ಚಿಮ್ಮಿತು. ಪ್ಲಗ್ಗುಗಳನ್ನು ಒರೆಸಿ ಬಿಸಿಲಿಗಿಟ್ಟೆ. ಮೋಡ ಮುಸುಕಿತು. ಸುತ್ತ ನೋಡಿದೆ. ಅತ್ತೆ ಹೂ ಕುಯ್ಯಲು ಹಿತ್ತಲಿಗೆ ಹೋಗಿದ್ದರು.

"ಅಯ್ಯಯ್ಯೋ! ಒಬ್ಬಟ್ಟಿನ ಹೆಂಚಿನ ಮ್ಯಾಲೆ ಇದೇನಮ್ಮಿ?"

"ಪ್ಲಗ್ಗು ಅತ್ತೆ."

"ತಿರುವಾಕ್ಲಾ, ಇಲ್ಲಾ ಒಂದೇ ಮಗ್ಗುಲು ಸಾಕಾ?"

ತೂತುಗಳಿಗೆ ನಾಲ್ಕು ತೊಟ್ಟು ಆಯಿಲ್ ಬಿಟ್ಟು, ಪ್ಲಗ್ ಬಿಗಿದು, ಫ್ಯೂಸ್ ಹಾಕಿದೆವು. ಮಾವ ಚಪ್ಪಲಿ ಕಳಚಿ ಒಳಗೆ ಕೂತರು. ಗರ್ರ್. ಗರ್ರ್. ಢಂ! ಹಿಂದಿನಿಂದ ಬಿಳೀ ಹೊಗೆ ಎಷ್ಟು ಎದ್ದಿತೆಂದರೆ ಹಸು ಕಾಣಲಿಲ್ಲ, ಮನೆ ಕಾಣಲಿಲ್ಲ. "ಬ್ಯಾರನ್‌ಗೆ ಬೆಂಕಿ ಬಿತ್ತು!" ಎಂದು ಅರ್ಧ ಊರು ಬಿಂದಿಗೆ ಹಿಡಿದು ಓಡಿಬಂತು. ಹೊಗೆಯ ನಡುವೆ ಮಾವ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಕೇಳಿದ್ದಕ್ಕೆ "ಒಗೆ ಕಣಮ್ಮಿ" ಎಂದರು.

ಕಾರು ಕುದಿಯುವ ಎಸರಿನ ಹಾಗೆ ಒಂದೇ ಸಮ ಗುನುಗುತ್ತಿದ್ದಂತೆಯೇ ಬಾಳೆಕಂದು ಕಟ್ಟಿದರು, ಹಾರ ಹಾಕಿದರು. ಅತ್ತೆ ಹಬ್ಬದ ಸೀರೆಯುಟ್ಟು ಆರತಿ ಎತ್ತಿದರು. ಸವತಿಗೆ ಕೊನೆಯ ಆರತಿ ಎಂಬ ಲೆಕ್ಕದಲ್ಲಿ ಕುಂಕುಮವನ್ನು ಕೊಂಚ ಧಾರಾಳವಾಗಿಯೇ ಇಟ್ಟರು. ಚಕ್ರದಡಿ ನಿಂಬೆಹಣ್ಣು. ಮಾವ ಗೇರು ಹಾಕಿದರು. ಪಚಕ್! ಕಾರು ಅಂಗಳದಲ್ಲಿ ನಿಂತಿತು. ಮಾವನ ಕೈ ಎಷ್ಟೋ ವರ್ಷದ ಅಭ್ಯಾಸಕ್ಕೆ ಸೀದಾ ಕೀಲಿಗೆ ಹೋಯಿತು!

"ಮಾವ, ಆಫ್ ಮಾಡಬೇಡಿ!" ನಾನು ಕಿರುಚಿದೆ. "ಈಗ ಆಫ್ ಮಾಡಿದ್ರೆ ನಾಳೆ ಗುಜರಿಯವನ ಮುಂದೆ ತಳ್ಳಬೇಕಾಗುತ್ತೆ! ಇಂಜಿನ್ ಬಿಸಿ ತೋರಿಸೋ ಆ ಸಣ್ಣ ಮುಳ್ಳು ನೋಡಿ, ಅದು ನಡುವಿಗೆ ಬರೋವರೆಗೂ ಓಡಿಸಿ!"

"ಓಡ್ಸು ಅಂದ್ರೆ? ಎಲ್ಲಿಗೆ?"

"ಎಲ್ಲಿಗಾದರೂ!"

ಮಾವ ಗಲಿಬಿಲಿಯಿಂದ ಆಚೀಚೆ ನೋಡಿದರು. ಎದುರಿಗೆ ಅತ್ತೆ ನಿಂತಿದ್ದರು. "ಬಾರಮ್ಮಿ, ಕುಂತ್ಕೊ" ಎಂದು ಎಡಗಡೆಯ ಬಾಗಿಲು ತಳ್ಳಿದರು.

"ನಾನಾ? ಒಬ್ಬಟ್ಟು ಒಲೆ ಮ್ಯಾಲದೆ!"

"ಹೊತ್ತೋಗ್ಲಿ ಬುಡು!"

ಅತ್ತೆ ಆರತಿ ತಟ್ಟೆಯನ್ನು ಪಕ್ಕದ ಮನೆಯವರ ಕೈಗೆ ತುರುಕಿದರು. ಆ ಕಾರಿನೊಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. "ಇದ್ರಲ್ಲಿ ಕೂರೋದಾ, ಮಲಗೋದಾ?" ಎನ್ನುತ್ತ ಇಳಿದರು. ಹಿಂದಿನ ಸೀಟನ್ನು ಜಪಾನಿನವರು ದಿಂಬು ಇಡಲು ಮಾಡಿದ್ದಿರಬೇಕು. ಅಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ನಾನು ಕೂತೆ.

ಗುರುಪುರ ದಾಟುವವರೆಗೂ ಅತ್ತೆ ಕಣ್ಣು ಮುಚ್ಚಿದ್ದರು. ಆಮೇಲೆ ಒಂದು ಕಣ್ಣು ತೆರೆದರು. ಹಬ್ಬದ ದಿನವಾದ್ದರಿಂದ ಎದುರು ಬಂದ ಲಾರಿ, ಬಸ್ಸು, ಆಟೋಗಳೆಲ್ಲ ನಮ್ಮ ಹಾಗೆಯೇ ಬಾಳೆಕಂದು ಕಟ್ಟಿಕೊಂಡಿದ್ದವು. ಡ್ರೈವರ್‌ಗಳು ಕೆಂಪು ಕಾರನ್ನು ನೋಡಿ ಹಾರ್ನ್ ಹೊಡೆದರು. ಅತ್ತೆ ತಮಗೇ ಹೊಡೆದರೆಂದು ತಿಳಿದು ಒಬ್ಬರಿಗೆ ಕೈ ಎತ್ತಿ ನಮಸ್ಕಾರವನ್ನೂ ಮಾಡಿದರು. ಹುಣಸೂರು ಬಂತು. ಅತ್ತೆಯ ಫೋನ್ ಹೊಡೆದುಕೊಂಡಿತು. ಗುಜರಿಯವನು. ಅವನ ದನಿ ಹಿಂದೆ ಕೂತ ನನಗೂ ಕೇಳುತ್ತಿತ್ತು.

"ಅಕ್ಕಾ, ನಾಳೆ ಎಷ್ಟೊತ್ತಿಗೆ ಬರ್ಲಿ? ಗಾಡಿ ಕೊಟ್ಟಿಗೇಲೇ ಅದಾ?"

ಸ್ಟೇರಿಂಗ್ ಹಿಡಿದಿದ್ದ ಮಾವ ಫೋನಿನ ಕಡೆಗೆ ಕಿವಿ ವಾಲಿಸಿದರು.

"ಇಲ್ಲ ಕಣಪ್ಪ."

"ಮತ್ತೆಲ್ಲದೆ?"

"ನಾನೇ ಅದ್ರೊಳಗಿವ್ನಿ. ಬರ್ಬ್ಯಾಡ ಬುಡು." ಫೋನ್ ಮಡಿಲಲ್ಲಿಟ್ಟು, ರಸ್ತೆ ನೋಡುತ್ತಲೇ ಮಾವನಿಗೆ ಹೇಳಿದರು. "ಹಸುಗೆ ಬ್ಯಾರೆ ಕೊಟ್ಟಿಗೆ ಆಗ್ಬೇಕು. ಈ ತಿಂಗ್ಳೇಯ."

"ನಾಳೆನೇ ಕಂಬಕ್ಕೆ ಗುಂಡಿ ತೋಡ್ತೀನಿ" ಎಂದರು ಮಾವ.

ಪಿರಿಯಾಪಟ್ಟಣದ ದಾರಿ ಹಿಡಿದಾಗ ಅತ್ತೆ ಗಾಜು ಇಳಿಸಿದರು. ಗಾಳಿಗೆ ಮುಡಿದ ಹೂವು ಬಿಡಿಬಿಡಿಯಾಗಿ ನನ್ನ ಮೇಲೆ ಉದುರುತ್ತಿತ್ತು. ನಾನು ಯೋಚಿಸಿದೆ: ನನಗೆ ಬುದ್ಧಿ ಬಂದಾಗಿನಿಂದ ಅತ್ತೆ ಮನೆ ಬಿಟ್ಟು ಎಲ್ಲಿಗಾದರೂ ಹೊರಟಿದ್ದರೆ ಅದು ಮದುವೆಗೆ, ತಿಥಿಗೆ, ಬಾಣಂತನಕ್ಕೆ, ಇಲ್ಲವೇ ಆಸ್ಪತ್ರೆಗೆ. ಯಾರದೋ ಒಂದು ಕೆಲಸ ಇಲ್ಲದೆ, ಸುಮ್ಮನೆ, ಹೋಗುವುದಕ್ಕಾಗಿಯೇ ಹೋಗಿದ್ದು ಇದೇ ಮೊದಲು. ಪಕ್ಕದಲ್ಲಿ ಗಂಡ. ಮಡಿಲಲ್ಲಿ ಕೆಲಸವಿಲ್ಲದ ಎರಡು ಕೈ.

ಪಿರಿಯಾಪಟ್ಟಣದ ಹೊರಗೆ ಮಾವ ವೇಗ ಕಡಿಮೆ ಮಾಡಿದರು. "ಸಾಕೇನಮ್ಮಿ? ತಿರುಗಿಸ್ಲಾ?"

ಅತ್ತೆ ಬಗ್ಗಿ ಮುಳ್ಳಿನ ಗಾಜಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು.

"ಇನ್ನೂ ನಡೂಕೆ ಬಂದಿಲ್ಲ ಕಣ್ರೀ. ವಸಿ ಮುಂದುಕ್ಕೋಗಿ."

ಮುಳ್ಳು ಹುಣಸೂರಿಗೆ ಮುಂಚೆಯೇ ನಡುವಿಗೆ ಬಂದು ಅಲ್ಲಾಡದೆ ನಿಂತಿತ್ತು. ನಾನು ಬಾಯಿ ಬಿಡಲಿಲ್ಲ. ಮಾವ ಮುಳ್ಳನ್ನು ನೋಡಿದರು, ಅತ್ತೆಯನ್ನು ನೋಡಿದರು.

"ಊಂ, ಇನ್ನೂ ಬಂದಿಲ್ಲ" ಎಂದು ಗೇರು ಬದಲಿಸಿ, ಕೊಡಗಿನ ದಾರಿಯ ಕೊಪ್ಪದ ಕಡೆಗೆ ಕಾರು ಬಿಟ್ಟರು.